ಮೊದಲ ವಾರದಲ್ಲೇ ಲ್ಯಾಬಿಗೆ ಕರೆದೊಯ್ಯಿರಿ

ಮಾನ್ಯರೇ,

ಸ್ಕಾಲರ್‌ಶಿಪ್ ಅರ್ಜಿ ಹಾಕುವ ದಿನಗಳಲ್ಲಿ ವಿಶ್ವವಿದ್ಯಾಲಯದ ಗೇಟ್ ಎದುರಿನ ಯಾವುದಾದರೂ ಜೆರಾಕ್ಸ್ ಅಂಗಡಿಗೆ ಹೋಗಿ ನೋಡಿ. ಅಲ್ಲಿನ ಕಂಪ್ಯೂಟರಿನಲ್ಲಿ ವಿದ್ಯಾರ್ಥಿಗಳ ಆಧಾರ್, ಮಾರ್ಕ್ಸ್ ಕಾರ್ಡ್, ಅಪ್ಪನ ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ ಎಲ್ಲವೂ ಹಾಗೇ ಉಳಿದಿರುತ್ತವೆ. ಪ್ರಿಂಟ್ ತೆಗೆಯಲು ವಾಟ್ಸ್ಆ್ಯಪ್ ವೆಬ್ ತೆರೆದವರು ಲಾಗ್ ಔಟ್ ಮಾಡದೆ ಎದ್ದು ಹೋಗಿರುತ್ತಾರೆ. ಫೋನ್ ನನ್ನ ಹತ್ತಿರವೇ ಇದೆಯಲ್ಲ ಅಂತ ಧೈರ್ಯ. ಆದರೆ ಫೋನ್ ಆಫ್ ಆಗಿದ್ದರೂ ಆ ಕಂಪ್ಯೂಟರಿಗೆ ಮೆಸೇಜ್ ಬರುತ್ತಲೇ ಇರುತ್ತದೆ. ಆಮೇಲೆ ಅಲ್ಲಿ ಕೂತವರು ಮನೆಗೆ 'ಅರ್ಜೆಂಟ್, ದುಡ್ಡು ಹಾಕಿ' ಅಂತ ಬರೆದರೆ ಅಮ್ಮ ಖಂಡಿತ ನಂಬುತ್ತಾರೆ, ಬಂದದ್ದು ಮಗಳ ನಂಬರಿನಿಂದಲೇ ಅಲ್ವಾ?

ಇದಕ್ಕಿಂತ ದೊಡ್ಡ ಅಪಾಯ ಖಾತೆ ಬಾಡಿಗೆಯದು. 'ನಿನ್ನ ಎಟಿಎಂ ಕಾರ್ಡ್, ಸಿಮ್ ಕೊಡು, ಕಮಿಷನ್ ಕೊಡ್ತೀವಿ' ಅಂತ ಹಾಸ್ಟೆಲ್ ಹುಡುಗರನ್ನು ಕೇಳುವವರಿದ್ದಾರೆ. ಯಾರನ್ನೋ ವಂಚಿಸಿದ ಹಣ ಆ ಖಾತೆಯ ಮೂಲಕ ಹೋಗುತ್ತದೆ, ಖಾತೆ ಫ್ರೀಜ್ ಆಗುತ್ತದೆ, ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರನ್ನೇ.

ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ವರ್ಷಕ್ಕೊಮ್ಮೆ ಸಭಾಂಗಣದಲ್ಲಿ ಅತಿಥಿಗಳನ್ನು ಕರೆಸಿ, ಹಾರ ಹಾಕಿ, ಭಾಷಣ ಮಾಡಿಸಿದರೆ ಜಾಗೃತಿ ಕಾರ್ಯಕ್ರಮ ಮುಗಿಯಿತು. ಹಿಂದಿನ ಸಾಲಿನವರಿಗೆ ಪರದೆ ಕೂಡ ಕಾಣುವುದಿಲ್ಲ.

ಅದರ ಬದಲು, ಕಾಲೇಜಿನವರೇ, ಪ್ರವೇಶವಾದ ಮೊದಲ ವಾರದಲ್ಲೇ ಒಂದೊಂದು ಬ್ಯಾಚನ್ನು ಕಂಪ್ಯೂಟರ್ ಲ್ಯಾಬಿಗೆ ಕರೆದೊಯ್ಯಿರಿ. ಅವರವರ ಫೋನಿನಲ್ಲೇ ವಾಟ್ಸ್ಆ್ಯಪ್‌ನ 'ಲಿಂಕ್ಡ್ ಡಿವೈಸಸ್' (ಖಾತೆ ತೆರೆದಿರುವ ಬೇರೆ ಕಂಪ್ಯೂಟರ್, ಫೋನ್‌ಗಳ ಪಟ್ಟಿ) ತೆರೆಸಿ, ಅದರಲ್ಲಿ ಗೊತ್ತಿಲ್ಲದ್ದನ್ನು ತೆಗೆಸಿ, ಬೇರೆಯವರು ತಮ್ಮ ಫೋನಿನಲ್ಲಿ ಆ ನಂಬರಿನ ಖಾತೆ ತೆರೆಯದಂತೆ ಎರಡು ಹಂತದ ಪಿನ್ ಹಾಕಿಸಿ. ಆಧಾರ್‌ನ ಕೊನೆಯ 4 ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್' ಪ್ರತಿಯನ್ನು ಡೌನ್‌ಲೋಡ್ ಮಾಡುವುದನ್ನು ತೋರಿಸಿ, ಪಿಜಿಯಲ್ಲಿ ಸುಮ್ನೆ ಗುರುತಿಗೆ ಕೇಳಿದಾಗ ಅಷ್ಟೇ ಕೊಟ್ಟರೆ ಸಾಕು. ಲ್ಯಾಬ್‌ನಲ್ಲೂ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇಟ್ಟು, ಅದನ್ನು ಗೋಡೆಗೆ ಅಂಟಿಸುವುದು ನಿಲ್ಲಲಿ.

ಹಣ ಹೋದರೆ ನಾಚಿಕೆಪಟ್ಟು ಮುಚ್ಚಿಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಅನ್ನುವುದನ್ನೂ ಆವತ್ತೇ ಹೇಳಿ. ಬೇಗ ತಿಳಿಸಿದರೆ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯುವ ಅವಕಾಶ ಇರುತ್ತದೆ. ಮನೆಯವರು ಬೈತಾರೆ ಅಂತ ಎರಡು ದಿನ ಸುಮ್ಮನಿದ್ದರೆ ಆ ಅವಕಾಶವೂ ಕೈತಪ್ಪುತ್ತದೆ.

– ಒಬ್ಬ ಅತಿಥಿ ಉಪನ್ಯಾಸಕಿ, ಧಾರವಾಡ