ಓಣಿಯ ಕಲೆಗೆ ಶಾಮಿಯಾನ ಬೇಡ

ಮಾನ್ಯ ಸಂಪಾದಕರೆ,

ಬಡಾವಣೆಯ ಪಾರ್ಕಿನಲ್ಲೋ ಸಾರ್ವಜನಿಕ ಸೌಲಭ್ಯಕ್ಕೆಂದು ಬಿಟ್ಟು ಜಾಲಿ ಬೆಳೆದ ಸಿಎ ಸೈಟಿನಲ್ಲೋ ಹೊಸ ಬಗೆಯ ಕಲಾಪ್ರಯೋಗ ಮಾಡಬೇಕೆಂಬ ಉಮೇದು ನಮ್ಮ ಕಡೆಯ ಚಿತ್ರಕಲೆ, ರಂಗಭೂಮಿಯ ಹುಡುಗ ಹುಡುಗಿಯರಲ್ಲಿ ಇದೆ. ಒಳ್ಳೆಯದೇ. ಆದರೆ ಕೆಲಸ ಶುರುವಾಗುವ ಮೊದಲೇ ಅಲ್ಲಿ ಶಾಮಿಯಾನ ಏಳುತ್ತದೆ, ಮೈಕು ಬರುತ್ತದೆ, ನಾಲ್ಕು ಮಂದಿ ಅತಿಥಿಗಳಿಗೆ ಶಾಲು ಹಾರ ಆಗುತ್ತದೆ. ಭಾಷಣ ಮುಗಿಯುವಷ್ಟರಲ್ಲಿ ನೋಡಬೇಕಾಗಿದ್ದು ಬಿಸಿಲಿಗೆ ಬಾಡಿ, ಓಣಿಯ ಮಂದಿ ಮನೆ ಸೇರಿರುತ್ತಾರೆ. ಆಮೇಲೆ ‘ನಮ್ಮ ಜನಕ್ಕೆ ಇದೆಲ್ಲ ತಿಳಿಯುವುದಿಲ್ಲ’ ಎಂಬ ಗೊಣಗಾಟ. ಜನಕ್ಕೆ ತಿಳಿಯುತ್ತದೆ. ಮಾಡುವವರು ಬಿಸಿಲು, ಗಾಳಿ, ನೆಲದ ಲೆಕ್ಕ ಹಾಕಿರುವುದಿಲ್ಲ, ಅಷ್ಟೆ.

ವೇದಿಕೆಯಿಲ್ಲದೆ, ನೋಡುವವರನ್ನೂ ಒಳಗೆ ಎಳೆದುಕೊಂಡು ನಡೆಯುವ ಆಟ ಈ ಭಾಗಕ್ಕೆ ಹೊಸದಲ್ಲ. ಹಗಲುವೇಷದವರು ಮನೆಬಾಗಿಲಿಗೇ ಬಂದು ಆಡುತ್ತಾರೆ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಕುಣಿಯುವವರು ಯಾರು, ನೋಡುವವರು ಯಾರು ಎಂದು ಬೇರೆ ಮಾಡುವುದು ಕಷ್ಟ. ಮುದಗಲ್ಲಿನ ಮೊಹರಂ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಕಲಾವಿದ ಅಲನ್ ಕ್ಯಾಪ್ರೋ 1959ರಲ್ಲಿ ನ್ಯೂಯಾರ್ಕಿನ ರೂಬೆನ್ ಗ್ಯಾಲರಿಯಲ್ಲಿ ಆರು ಭಾಗಗಳಲ್ಲಿ 18 ‘ಹ್ಯಾಪನಿಂಗ್’ (ನೋಡುವವರೂ ಪಾಲುಗೊಳ್ಳುವ ಕಲಾಪ್ರಯೋಗ) ಮಾಡಿದಾಗ ಬಂದವರ ಕೈಗೆ ಚೀಟಿ ಕೊಟ್ಟಿದ್ದರು. ಯಾವ ಭಾಗಕ್ಕೆ ಯಾವ ಕೋಣೆಯಲ್ಲಿ ಕೂರಬೇಕು, ಯಾವಾಗ ಜಾಗ ಬದಲಿಸಬೇಕು ಎಂಬುದು ಅದರಲ್ಲಿತ್ತು. ಒಂದೊಂದು ಭಾಗ ಶುರುವಾಗುವುದನ್ನೂ ಮುಗಿಯುವುದನ್ನೂ ಗಂಟೆಯೇ ಹೇಳುತ್ತಿತ್ತು.

ನಮಗೂ ಇವೆರಡೇ ಸಾಕು. ಶಾಲೆಯಲ್ಲಿ ಹೊಡೆಯುವಂಥ ಗಂಟೆಯ ಸದ್ದು ಪಾರ್ಕಿನ ಈ ತುದಿಯಿಂದ ಆ ತುದಿಗೆ ಆರಾಮವಾಗಿ ಮುಟ್ಟುತ್ತದೆ. ಧ್ವನಿವರ್ಧಕದ ಪರವಾನಗಿಯ ಗೊಡವೆಯೂ ಇಲ್ಲ. ಚೀಟಿಯಲ್ಲಿ ಒಂದೇ ಸಾಲು, ಒಂದೇ ಕೆಲಸ ಇರಲಿ: ‘ಎರಡನೇ ಗಂಟೆಗೆ ಬೇವಿನ ಮರದ ಕೆಳಗೆ ನಿಲ್ಲಿ.’ ‘ನಿಮ್ಮೊಳಗಿನ ಮೌನವನ್ನು ಅನುಭವಿಸಿ’ ಎಂದು ಬರೆದ ಚೀಟಿ ನೆಟ್ಟಗೆ ಜೇಬಿಗೆ ಹೋಗುತ್ತದೆ. ಓದು ಬಾರದ ಹಿರಿಯರಿಗೆ ಮರದ ಚಿತ್ರ ಬಿಡಿಸಿ ಕೊಡಿ. ಒಂದು ಸಲಕ್ಕೆ 30 ಮಂದಿ, 20 ನಿಮಿಷ ಮೀರಬೇಡಿ. ಮಂದಿ ಹೆಚ್ಚಾದರೆ ಹಿಂದಿನ ಸಾಲಿನವರು ಸುಮ್ಮನೆ ನೋಡುತ್ತ ನಿಲ್ಲುತ್ತಾರೆ. ಆಗ ಅದು ಮತ್ತೆ ನಾಟಕವೇ ಆಯಿತು. ಹೆಚ್ಚು ಜನ ಬಂದರೆ ಇನ್ನೊಂದು ಸಲ ಮಾಡಿ.

ವಸ್ತುಗಳನ್ನು ಕಟ್ಟಿ ನಿಲ್ಲಿಸುವ ಕೆಲಸಕ್ಕೆ ಜಪಾನಿನ ಗುಟಾಯ್ ಎಂಬ ಕಲಾವಿದರ ಗುಂಪು ಒಳ್ಳೆಯ ಮಾದರಿ. ಅವರು 1955ರ ಜುಲೈನಲ್ಲಿ ಒಸಾಕಾ ಹತ್ತಿರದ ಅಶಿಯಾ ಎಂಬ ಸಣ್ಣ ಊರಿನ ಪೈನ್ ತೋಪಿನಲ್ಲಿ, ನಡುಬೇಸಿಗೆಯ ಸೂರ್ಯನಿಗೇ ಸವಾಲು ಎಂದು ಹೆಸರಿಟ್ಟು ಬಯಲು ಪ್ರದರ್ಶನ ಮಾಡಿದರು. (ಕೊಪ್ಪಳದ ಏಪ್ರಿಲ್ ಕಂಡಿದ್ದರೆ ಆ ಸವಾಲು ಹಾಕುತ್ತಿದ್ದರೋ ಇಲ್ಲವೋ!) ಮರುವರ್ಷದ ಬಯಲು ಪ್ರದರ್ಶನದಲ್ಲಿ ಸದಾಮಾಸಾ ಮೊಟೊನಾಗಾ ಉದ್ದನೆಯ ಪ್ಲಾಸ್ಟಿಕ್‌ನಲ್ಲಿ ಬಣ್ಣದ ನೀರು ತುಂಬಿ ಮರದಿಂದ ಮರಕ್ಕೆ ತೂಗುಬಿಟ್ಟರು. ನೀರು ತನ್ನ ಭಾರಕ್ಕೆ ನಡುವೆ ಬಂದು ನಿಲ್ಲುತ್ತದೆ, ಬಿಸಿಲು ಅದರೊಳಗೆ ಹಾಯುತ್ತದೆ, ಕೆಳಗೆ ಬಣ್ಣದ ನೆರಳು ಅಲ್ಲಾಡುತ್ತದೆ. ಇಷ್ಟೇ ಅದರ ಕರಾಮತ್ತು.

ಇಲ್ಲಿ ಮಾಡುವುದಾದರೆ ಕೊಳವೆಯಂತೆ ಸುರುಳಿಯಲ್ಲಿ ಬರುವ 200 ಮೈಕ್ರಾನ್ ಪಾಲಿಥೀನ್, ಅಗಲ ಒಂದಡಿ, ತೆಗೆದುಕೊಳ್ಳಿ. ಒಂದಕ್ಕೆ 20 ಲೀಟರ್, ಅಂದರೆ ಒಂದು ಕ್ಯಾನ್ ನೀರು ಸಾಕು. ತುದಿಗೆ ಗಂಟು ಹಾಕಿದರೆ ಗಂಟಿನಲ್ಲೇ ಹರಿಯುತ್ತದೆ. ತುದಿಯನ್ನು ಮೂರು ಸಲ ಮಡಚಿ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಸುತ್ತಿ, ಹಗ್ಗವನ್ನು ಆ ರಬ್ಬರಿನ ಮೇಲೆ ಕಟ್ಟಿ. ಮರದ ತೊಗಟೆಗೂ ಹಗ್ಗಕ್ಕೂ ನಡುವೆ ಗೋಣಿಚೀಲ ಇರಲಿ.

ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ನೀರು ತುಂಬಿದ ಕೂಡಲೇ ಅದು ನಡುವೆ ಜೋತುಬೀಳುತ್ತದೆ, ನೋಡಲು ಚೆನ್ನಿಲ್ಲವೆಂದು ಯಾರೋ ಹಗ್ಗ ಎಳೆದು ಬಿಗಿಯುತ್ತಾರೆ. ಆರು ಮೀಟರ್ ಅಂತರದ ಎರಡು ಮರಗಳ ನಡುವೆ 20 ಕಿಲೋ ಭಾರ ಒಂದು ಮೀಟರ್ ಜೋತುಬಿದ್ದಿದ್ದರೆ ಒಂದೊಂದು ಬದಿಗೆ ಸುಮಾರು 30 ಕಿಲೋ ಎಳೆತ. ಜೋಲನ್ನು 15 ಸೆಂಟಿಮೀಟರಿಗೆ ತಂದರೆ ಅದೇ ನೀರು ಸುಮಾರು 200 ಕಿಲೋ ಎಳೆಯುತ್ತದೆ. ಬಿಸಿಲಿಗೆ ಮೆತ್ತಗಾದ ಪ್ಲಾಸ್ಟಿಕ್ ಅದನ್ನು ತಾಳುವುದಿಲ್ಲ. ಹಾಗಾಗಿ ಜೋಲು ಇರಲಿ, ಕಟ್ಟುವ ಎತ್ತರ ಹೆಚ್ಚಲಿ. ಹತ್ತೂವರೆ ಅಡಿಗೆ ಕಟ್ಟಿದರೆ ಒಂದು ಮೀಟರ್ ಇಳಿದರೂ ತಲೆಗೆ ತಾಗದು. ಹೊಸದಾಗಿ ನೆಟ್ಟ ಹೊಂಗೆ ಗಿಡಕ್ಕೆ ಕಟ್ಟಬೇಡಿ. ವಿದ್ಯುತ್ ಕಂಬಕ್ಕಂತೂ ಬೇಡವೇ ಬೇಡ.

ಮರವಿಲ್ಲದ ಕಡೆ ಕಬ್ಬಿಣದ ಪೈಪು ನೆಡುವವರು ಮೊದಲು ನೆಲ ನೋಡಬೇಕು. ಮಸಾರಿ ನೆಲದಲ್ಲಿ ಎರಡಡಿ ಗುಂಡಿ ಸಾಕಾಗುತ್ತದೆ. ಎರೆ ನೆಲ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಇವತ್ತು ನೆಟ್ಟಗಿದ್ದ ಕಂಬ ನಾಲ್ಕು ದಿನಕ್ಕೆ ವಾಲಿರುತ್ತದೆ. ಅಲ್ಲಿ ಮೂರಡಿ ತೋಡಿ, ಗರಸು ತುಂಬಿ ಗುದ್ದಿ, ಹಿಂದಿನಿಂದ ತಂತಿ ಎಳೆದು ಗೂಟಕ್ಕೆ ಕಟ್ಟಬೇಕು. ಆ ತಂತಿಗೆ ಬಿಳಿ ಬಟ್ಟೆಯ ಚೂರು ಕಟ್ಟದಿದ್ದರೆ ಸಂಜೆ ಓಡಾಡುವ ಮಕ್ಕಳು ಎಡವುತ್ತಾರೆ.

ಬಣ್ಣಕ್ಕೆ ಅಡುಗೆಗೆ ಬಳಸುವ ಬಣ್ಣ ಚಿಟಿಕೆಯಷ್ಟು ಸಾಕು. ರಂಗೋಲಿ ಪುಡಿ ಕರಗದೆ ತಳಕ್ಕೆ ಕೂರುತ್ತದೆ, ಒಡೆದಾಗ ಪಕ್ಕದ ಮನೆಯ ಸೀರೆ ಹಾಳು. ಇನ್ನೊಂದು ಮಾತು ಕಡ್ಡಾಯ: ನೀರು ತುಂಬಿದ ಪಾರದರ್ಶಕ ಕೊಳವೆ ಬಿಸಿಲಿಗೆ ಭೂತಗನ್ನಡಿಯಂತೆ ಕೆಲಸ ಮಾಡಬಲ್ಲದು. ಕೆಳಗೆ ಒಣಹುಲ್ಲು, ಹಾಳೆ, ಬೈಕಿನ ಸೀಟು ಇರಕೂಡದು. ಆಷಾಢದ ಗಾಳಿಯಲ್ಲಿ ಇದನ್ನು ಕಟ್ಟುವುದೇ ಬೇಡ. ದೀಪಾವಳಿ ಕಳೆದ ಮೇಲೆ ಯುಗಾದಿಯವರೆಗೆ ಒಳ್ಳೆಯ ಕಾಲ, ಗವಿಮಠದ ಜಾತ್ರೆಯ ವಾರವೊಂದನ್ನು ಬಿಟ್ಟು. ಆಗ ಊರೆಲ್ಲ ಅಲ್ಲೇ ಇರುತ್ತದೆ. ನಾಲ್ಕೈದು ದಿನಕ್ಕೆ ಬಿಚ್ಚಿಬಿಡಿ, ನೀರು ಪಾಚಿಗಟ್ಟಲು ಬಿಡಬೇಡಿ.

ಮಂಜುಗಡ್ಡೆಯ ಗೋಡೆಯ ಆಸೆ ಬಹಳ ಮಂದಿಗಿದೆ. ಕ್ಯಾಪ್ರೋ 1967ರಲ್ಲಿ ಪಸಾಡಿನಾ, ಲಾಸ್ ಏಂಜಲೀಸ್ ಸುತ್ತಮುತ್ತ ಹಲವು ಕಡೆ ಜನರಿಂದಲೇ ಇಂಥವನ್ನು ಕಟ್ಟಿಸಿ ಕರಗಲು ಬಿಟ್ಟರು. ಒಂದೊಂದೂ ಸುಮಾರು 30 ಅಡಿ ಉದ್ದ, 10 ಅಡಿ ಅಗಲ, 8 ಅಡಿ ಎತ್ತರ. ಅಷ್ಟು ದೊಡ್ಡದು ನಮಗೆ ಬೇಡ. ಆರು ಅಡಿ ಉದ್ದ, ಮೂರು ಅಡಿ ಎತ್ತರ, ಒಂದಡಿ ದಪ್ಪಕ್ಕೇ ಸುಮಾರು 470 ಕಿಲೋ ಐಸ್ ಬೇಕು. 50 ಕಿಲೋದ ಹತ್ತು ಗಡ್ಡೆ ತರಿಸಿದರೆ ದಾರಿಯ ಕರಗು ಕಳೆದು ಸರಿಹೋಗುತ್ತದೆ. ಟೆಂಪೋದಲ್ಲಿ ಬರಿದೆ ಹೇರಿಕೊಂಡು ಬಂದರೆ ಗಡ್ಡೆಯ ಮೈಯೆಲ್ಲ ನೀರಾಗಿ ಒಂದಕ್ಕೊಂದು ಅಂಟುವುದಿಲ್ಲ, ಜಾರುತ್ತದೆ. ಗಂಗಾವತಿ, ಕಾರಟಗಿಯ ರೈಸ್‌ಮಿಲ್‌ಗಳ ಭತ್ತದ ಹೊಟ್ಟು ಇದಕ್ಕೆ ಅಪ್ಪಟ ಮದ್ದು: ತಳಕ್ಕೊಂದು ಗೇಣು, ನಡುನಡುವೆ, ಮೇಲೊಂದು ಗೇಣು ತುಂಬಿ ತಾಡಪಾಲು ಮುಚ್ಚಿ. ಕಟ್ಟುವಾಗ ಹೊಟ್ಟು ಒರೆಸಿ, ಸಂದಿಗೆ ಹರಳುಪ್ಪು ತೆಳ್ಳಗೆ ಉದುರಿಸಿದರೆ ಗಡ್ಡೆ ತುಸು ಕರಗಿ ಮತ್ತೆ ಹೆಪ್ಪುಗಟ್ಟಿ ಕೂಡಿಕೊಳ್ಳುತ್ತದೆ. ಮುಷ್ಟಿ ತುಂಬ ಸುರಿದರೆ ಬರೀ ಕರಗುತ್ತದೆ. ಸೊಂಟದ ಎತ್ತರ ದಾಟಬೇಡಿ, ಯಾಕೆಂದರೆ ಪಡುವಣ ಬಿಸಿಲಿನ ಕಡೆಯ ಸಂದಿಗಳು ಮೊದಲು ಸಡಿಲಾಗಿ ಗೋಡೆ ಆ ಕಡೆ ವಾಲುತ್ತದೆ. ಮಧ್ಯಾಹ್ನದ ನಂತರ ಆ ಬದಿಗೆ ಮಕ್ಕಳನ್ನು ಬಿಡಬಾರದು. ಫ್ಯಾಕ್ಟರಿ ಐಸ್ ತಿನ್ನಲು ಯೋಗ್ಯವಲ್ಲ ಎಂದು ಮೊದಲೇ ಹೇಳಿ, ಪಕ್ಕದಲ್ಲೊಂದು ಕುಡಿಯುವ ನೀರಿನ ಮಡಕೆ ಇಡಿ, ಇಲ್ಲದಿದ್ದರೆ ಮಕ್ಕಳು ನೆಕ್ಕದೆ ಬಿಡುವುದಿಲ್ಲ. ಉಪ್ಪು ಬೆರೆತ ಕರಗುನೀರು ಗಿಡದ ಬುಡಕ್ಕೆ ಹೋಗದಂತೆ ಚರಂಡಿಗೆ ಕಾಲುವೆ ತೋಡಿ.

ಪರವಾನಗಿಯ ವಿಷಯ ಸರಳ. ಜಾಗಕ್ಕೆ ಸ್ಥಳೀಯ ಸಂಸ್ಥೆಯ ಮುಖ್ಯಾಧಿಕಾರಿಗೆ ಅರ್ಜಿ, ಜೊತೆಗೆ ಪೊಲೀಸ್ ಠಾಣೆಗೊಂದು ಪ್ರತಿ, ಎರಡಕ್ಕೂ ಸ್ವೀಕೃತಿಯ ಮುದ್ರೆ. ಮೈಕು ಬೇಕೇ ಬೇಕೆಂದರೆ ಪ್ರತ್ಯೇಕ ಅನುಮತಿ, ಅದೂ ರಾತ್ರಿ 10ರೊಳಗೆ. ಸುತ್ತಲಿನ ಮನೆಗಳಿಗೆ ಎರಡು ದಿನ ಮೊದಲೇ ಹೋಗಿ ಹೇಳಿ ಬರುವುದು ಯಾವ ಕಾನೂನಿನಲ್ಲೂ ಇಲ್ಲ, ಆದರೆ ಇದನ್ನು ತಪ್ಪಿಸಿದ ಕಡೆಯೇ ಜಗಳ ಏಳುವುದು. ಬಿಚ್ಚಿದ ಪಾಲಿಥೀನನ್ನು ತಿಪ್ಪೆಗೆ ಎಸೆಯದೆ ಬಣವಿ ಮುಚ್ಚಲು ರೈತರಿಗೆ ಕೊಟ್ಟರೆ ಇನ್ನೊಂದಷ್ಟು ದಿನ ಬಾಳುತ್ತದೆ.

ಸ್ಥಳೀಯ ಸಂಸ್ಥೆಗಳಿಗೂ ಒಂದು ಕೋರಿಕೆ. ಹುಡುಗರು ಅರ್ಜಿ ಹಿಡಿದು ಬಂದಾಗ ಉದ್ಘಾಟನೆ ಯಾರಿಂದ ಎಂದು ಕೇಳುವ ಬದಲು, ಆ ಪಾರ್ಕಿನ ನಳ ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳಿ ಕಳಿಸಿದರೆ ಸಾಕು.

— ಬಯಲು ಕಲಾಪ್ರಯೋಗಗಳಲ್ಲಿ ತೊಡಗಿರುವ ಕೆಲವರು,
ಭಾಗ್ಯನಗರ, ಕೊಪ್ಪಳ