ಆ ರಾತ್ರಿ ಕೈ ಬಿಡದ ಅತ್ತಿಗೆಗೆ

ನಿನ್ನೆ ಬೆಂಗಳೂರಿನಲ್ಲಿ ಐಸಿಡಿ ಚೆಕಪ್ ಮುಗಿಯಿತು. ಐಸಿಡಿ ಅಂದರೆ ಎದೆಬಡಿತ ಅಪಾಯಕಾರಿಯಾಗಿ ಹದ ತಪ್ಪಿದಾಗ ಶಾಕ್ ಕೊಟ್ಟು ಸರಿಮಾಡಲು ನನ್ನ ಎದೆಯಲ್ಲಿ ಚರ್ಮದಡಿ ಇಟ್ಟಿರುವ ಪುಟ್ಟ ಯಂತ್ರ. ಒಂದೇ ಒಂದು ಶಾಕ್ ಇಲ್ಲದೆ ವರ್ಷ ತುಂಬಿದೆ. ಅದರಿಂದ ಹೃದಯಕ್ಕೆ ಹೋಗುವ ಹೊಸ ತಂತಿ ಸರಿಯಾಗಿದೆ, ಬ್ಯಾಟರಿಯೂ ಇನ್ನೂ ಕೆಲವು ವರ್ಷಕ್ಕೆ ಸಾಕು. ಆಪರೇಷನ್ ಕತೆ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬೇಡ. ದುಡ್ಡು ಹೊಂದಿಸಿದ ಗೆಳೆಯರಿಗೆ, ನನ್ನ ಕ್ಲಾಸುಗಳನ್ನು ತೆಗೆದುಕೊಂಡ ಮೇಷ್ಟ್ರುಗಳಿಗೆ, ಹದಿನೈದು ದಿನ ಮನೆಯಲ್ಲಿಟ್ಟುಕೊಂಡ ಷಡ್ಡಕನಿಗೆ, ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಆದರೆ ಇವತ್ತು ಬರೆಯಲು ಕೂತಿದ್ದು ಅತ್ತಿಗೆಗಾಗಿ.

ಆವತ್ತು ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದಳು. ರಾತ್ರಿ ಎರಡು ಗಂಟೆ ದಾಟಿತ್ತು. ಎಮ್ಮೆ ಎದೆಗೆ ಒದ್ದ ಹಾಗಾಗಿ ಕಿರುಚಿಕೊಂಡೆ. ಒಂದು ಶಾಕ್ ಆಗಿ ಆರಾಮಿದ್ದರೆ ಫೋನ್ ಮಾಡಿ, ಎರಡಾದರೆ ಕಾಯದೆ ಆಸ್ಪತ್ರೆಗೆ ಹೋಗಿ ಅಂತ ಮೊದಲೇ ಹೇಳಿದ್ದರು. ನಾನು ಮರೆತಿದ್ದೆ, ಅತ್ತಿಗೆ ಮರೆತಿರಲಿಲ್ಲ. ಎರಡನೆಯದು ಹೊಡೆದ ಕೂಡಲೇ ಅಣ್ಣನಿಗೆ ಕಾರು ತೆಗೆಯಲು ಹೇಳಿ, ರೇಷನ್ ಕಾರ್ಡಿನ ಕವರಿನಲ್ಲಿದ್ದ ಐಸಿಡಿ ಕಾರ್ಡ್ ಎತ್ತಿಕೊಂಡರು.

ಸಾಗರದಿಂದ ಶಿವಮೊಗ್ಗ ಅಷ್ಟು ದೂರ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಆನಂದಪುರ ದಾಟಿದ ಮೇಲೆ ಮೂರನೆಯದು. ಕುಂಸಿ ಹತ್ತಿರ ನಾಲ್ಕನೆಯದು. ಅಣ್ಣ ಹೆದರಿ, "ಅವನನ್ನ ಮುಟ್ಟಬೇಡ, ನಿಂಗೂ ಕರೆಂಟ್ ಹೊಡೆಯುತ್ತೆ" ಅಂದ. "ಏನೂ ಆಗಲ್ಲ, ಹೆಚ್ಚೆಂದ್ರೆ ಜುಂ ಅನ್ನುತ್ತಂತೆ, ಡಾಕ್ಟರ್ ಹತ್ರ ಅವತ್ತೇ ಕೇಳಿದೀನಿ" ಅಂದರು ಅತ್ತಿಗೆ. ಕೈ ಬಿಡಲೇ ಇಲ್ಲ. ಶಾಕ್ ಹೊಡೆದಾಗಲೆಲ್ಲ ಇನ್ನೊಂದು ಕೈಯಲ್ಲಿ ಹಾಲಿನ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಟೈಮ್ ಬರೆಯುತ್ತಿದ್ದರು.

ಎಮರ್ಜೆನ್ಸಿಯಲ್ಲಿ ಮಾನಿಟರ್ ಹಾಕಿದರೆ ಎದೆಬಡಿತ ಸರಿಯಾಗೇ ಇದೆ, ಆದರೂ ಐದನೇ ಶಾಕ್. ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರ್ ಬಳೆಯಂಥ ಒಂದು ಮ್ಯಾಗ್ನೆಟ್ ತಂದು ಐಸಿಡಿ ಮೇಲಿಟ್ಟು ಪ್ಲಾಸ್ಟರ್ ಅಂಟಿಸಿದರು. ಅದು ಇರುವಷ್ಟು ಹೊತ್ತು ಶಾಕ್ ಹೊಡೆಯುವುದಿಲ್ಲವಂತೆ. ಆ ಡಾಕ್ಟರಿಗೂ ನಮಸ್ಕಾರ. ಆದರೆ ಆ ಹೊತ್ತಿಗೆ ನಾನು ಮನುಷ್ಯನಾಗಿ ಉಳಿದಿರಲಿಲ್ಲ. ಸಾವಿಗಿಂತ ಮುಂದಿನ ಶಾಕಿಗೆ ಹೆದರಿದ್ದೆ. ಇದನ್ನು ಕಿತ್ತು ಹಾಕಿ, ಸತ್ತರೆ ಸಾಯ್ತೀನಿ ಅಂತ ಅಂಗಲಾಚಿದೆ. ಅತ್ತಿಗೆ ಸಮಾಧಾನದ ಮಾತು ಆಡಲಿಲ್ಲ. ಬೆಳಗಾಗುವವರೆಗೂ ಸ್ಟೂಲಿನ ಮೇಲೆ ಕೂತು, ಆಗಾಗ ಬಗ್ಗಿ ಮ್ಯಾಗ್ನೆಟ್ ಜಾರಿದೆಯಾ ಅಂತ ನೋಡುತ್ತಿದ್ದರು. ಅದನ್ನು ನೋಡುತ್ತಲೇ ನನಗೆ ನಿದ್ದೆ ಬಂತು.

ಬೆಳಿಗ್ಗೆ ಟೆಕ್ನಿಷಿಯನ್ ಬಂದು ಎದೆಯ ಮೇಲೆ ಮೌಸ್ ತರದ್ದೊಂದನ್ನು ಇಟ್ಟು ಐಸಿಡಿಯಲ್ಲಿದ್ದುದನ್ನೆಲ್ಲ ಓದಿದರು. ಅದರಲ್ಲಿದ್ದ ಟೈಮಿಗೂ ಹಾಲಿನ ಪುಸ್ತಕದ ಟೈಮಿಗೂ ಎರಡೇ ನಿಮಿಷದ ವ್ಯತ್ಯಾಸ. ಹೃದಯಕ್ಕೆ ಹೋಗುವ ತಂತಿ ಒಳಗೇ ಬಿರುಕು ಬಿಟ್ಟಿತ್ತು. ಅದರ ಗಲಾಟೆಯನ್ನೇ ಐಸಿಡಿ ಎದೆಬಡಿತ ಅಂದುಕೊಂಡು ಸುಮ್ಮಸುಮ್ಮನೆ ಶಾಕ್ ಕೊಟ್ಟಿತ್ತು. ಚೆಕಪ್‌ಗೆ ಬಂದಿದ್ದರೆ ತಂತಿಯ ರೆಸಿಸ್ಟೆನ್ಸ್ ನೋಡಿ ಮೊದಲೇ ಗೊತ್ತಾಗುತ್ತಿತ್ತೇನೋ ಅಂದರು. ನಾನು ಆರು ತಿಂಗಳಿಗೊಮ್ಮೆ ಹೋಗಬೇಕಿತ್ತು. ಒಂದೂವರೆ ವರ್ಷ ಹೋಗಿರಲಿಲ್ಲ. ಗಾಯ ಮಾಯ್ದಿದೆ, ಆರಾಮಿದೀನಿ, ರಾತ್ರಿ ಬಸ್ಸು, ರಜೆ ಬೇರೆ ಹಾಕಬೇಕು ಅಂತ ಬಿಟ್ಟಿದ್ದೆ. ಹೋಗಿ ಬಾ ಅಂತ ಅತ್ತಿಗೆ ಎರಡು ಸಲ ಹೇಳಿದ್ದರು. ಆ ಮಾತನ್ನು ಅವರು ಆವತ್ತೂ ಎತ್ತಲಿಲ್ಲ, ಇವತ್ತಿನವರೆಗೂ ಎತ್ತಿಲ್ಲ.

ಹೊಸ ತಂತಿ ಹಾಕಿದ ಮೇಲೂ ಎಷ್ಟೋ ದಿನ ಬಚ್ಚಲಮನೆ ಚಿಲಕ ಹಾಕಲು ಭಯವಾಗುತ್ತಿತ್ತು. ಅತ್ತಿಗೆ ಹೊರಗೆ ಅಡಿಕೆ ಸುಲಿಯುತ್ತಾ ಕೂತು ಸುಮ್ನೆ ಏನೋ ಮಾತಾಡುತ್ತಿರುತ್ತಿದ್ದರು. ಒಂದು ದಿನ ಚಿಲಕ ಹಾಕಿದೆ. ಅವರು ಮಾತು ನಿಲ್ಲಿಸಲಿಲ್ಲ.

ನಿನ್ನೆ ಚೆಕಪ್ ಆಗುವಾಗ ಟೆಕ್ನಿಷಿಯನ್ ಒಬ್ಬರ ಕತೆ ಹೇಳಿದರು. 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಅನ್ನುವವರಿಗೆ ಮೊಟ್ಟಮೊದಲ ಬಾರಿಗೆ ದೇಹದೊಳಗೆ ಪೇಸ್‌ಮೇಕರ್ ಇಟ್ಟರಂತೆ. ಅದು ಕೆಲವೇ ಗಂಟೆಗಳಲ್ಲಿ ಕೆಟ್ಟಿತಂತೆ. ಆಮೇಲೆ ಬದಲಾಯಿಸುತ್ತಾ ಬದಲಾಯಿಸುತ್ತಾ ಅವರು 2001ರವರೆಗೆ, 86 ವರ್ಷ ಬದುಕಿದರು. ಅತ್ತಿಗೆ ಕೇಳಿದ್ದು ಒಂದೇ: "ಅವರ ಜೊತೆ ಆಸ್ಪತ್ರೆಗೆ ಯಾರು ಹೋಗ್ತಿದ್ರು?"

ಅತ್ತಿಗೆ, ಮುಂದಿನ ಚೆಕಪ್ ತಾರೀಕನ್ನು ಹಾಲಿನ ಪುಸ್ತಕದಲ್ಲಿ ನಾನೇ ಬರೆದಿಟ್ಟಿದೀನಿ. ನಿಮ್ಮ ಅಕ್ಷರದ ಕೆಳಗೇ.