14 ದಾಟಿದ ಮೇಲೆ ಹಾಡು ಕಲಿಯಬಾರದಾ?

ಮಾನ್ಯರೇ,

ಕೂಲಿಯವರ ಮಗ ಹಾಡಿ ಗೆದ್ದ, ಗುಡಿಸಲಿನ ಹುಡುಗಿ ಟಿವಿ ಶೋನಲ್ಲಿ ಫೈನಲ್‌ಗೆ ಬಂದಳು ಅನ್ನುವ ಸುದ್ದಿ ನಿಮ್ಮ ಪತ್ರಿಕೆಯಲ್ಲೂ ಬೇರೆ ಪತ್ರಿಕೆಗಳಲ್ಲೂ ಆಗಾಗ ಬರುತ್ತದೆ. ಓದಲು ಖುಷಿಯೇ. ಆದರೆ ಓದಿ ಮುಗಿಸುವ ಹೊತ್ತಿಗೆ ಆ ಮಗುವಿಗಿಂತ ಅದರ ಬಡತನಕ್ಕೇ ಚಪ್ಪಾಳೆ ಜಾಸ್ತಿ ಬಿದ್ದಿರುತ್ತದೆ. ಕಷ್ಟ ಇದ್ದುದರಿಂದಲೇ ಕಂಠ ಬಂತೇನೋ ಅನ್ನುವ ಹಾಗೆ. ಹಾಗಿಲ್ಲ ಅಂತ ಧಾರವಾಡ, ಗದಗ, ಹಾವೇರಿ ಕಡೆಯ ನಮಗಾದರೂ ಗೊತ್ತಿರಬೇಕು. ಕಂಠ ಬೆಳೆಸುವುದು ಕಲಿಯಲು ಸಿಗುವ ಆಸರೆ, ತಡವಾಗಿ ಶುರು ಮಾಡುವ ಬಡ ಮಕ್ಕಳಿಗೆ ಅದು ಸಿಗುತ್ತಿಲ್ಲ ಅನ್ನುವುದೇ ನನ್ನ ದೂರು.

ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಅವರನ್ನು ಕರೆದುಕೊಂಡು ಹೋಗಿ ಊಟ ಹಾಕಿ ಪಾಠ ಹೇಳಿಸಿದವರು ಹಾನಗಲ್ಲಿನ ಕುಮಾರ ಸ್ವಾಮಿಗಳು. ಅದೇ ಗವಾಯಿಗಳು ಮುಂದೆ, ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ, ಆಮೇಲೆ ದೊಡ್ಡ ಹಿಂದೂಸ್ತಾನಿ ಗಾಯಕರಾದ ಬಸವರಾಜ ರಾಜಗುರು ಅವರನ್ನು ತಮ್ಮ ಜೊತೆ ಇಟ್ಟುಕೊಂಡು ಕಲಿಸಿದರು. ಪಂಚಾಕ್ಷರಿ ಗವಾಯಿಗಳ ನಂತರ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು, ಅಂಧ, ಅನಾಥ ಮಕ್ಕಳಿಗೆ ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮದ ಮಕ್ಕಳ ಹೊಟ್ಟೆ ತುಂಬಿಸಲು ನಾಟಕ ಕಂಪನಿಯನ್ನೇ ನಡೆಸಿದರು. ಅಂದರೆ ಇವರೆಲ್ಲರ ಕತೆಯಲ್ಲೂ ಹಾಡಿಗಿಂತ ಮೊದಲು ಅನ್ನ ಬರುತ್ತದೆ, ಮಲಗಲು ಜಾಗ ಬರುತ್ತದೆ, ದಿನಾ ಪಾಠ ಹೇಳುವ ಒಬ್ಬ ಗುರು ಬರುತ್ತಾನೆ.

ಭೀಮಸೇನ ಜೋಶಿ ಅವರು 1933ರಲ್ಲಿ, 11 ವರ್ಷದ ಹುಡುಗನಾಗಿದ್ದಾಗ, ಮನೆ ಬಿಟ್ಟು ಓಡಿಹೋದ ಕತೆಯನ್ನು ನಾವು ಎಷ್ಟು ಸಲ ಹೇಳಿಲ್ಲ! ಟಿಕೆಟ್ ಇಲ್ಲದೆ ರೈಲು ಹತ್ತಿ ಗ್ವಾಲಿಯರ್, ಜಲಂಧರ್ ಅಂತ ಸುತ್ತಿ ಕೊನೆಗೆ ಗುರು ಸಿಕ್ಕಿದ್ದು ಇಲ್ಲೇ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ. ಆ ಮನೆಗೆ ನೀರು ಹೊತ್ತರು, ಕಲಿತರು, 2008ರಲ್ಲಿ ಭಾರತರತ್ನವೂ ಬಂತು. ಚೆನ್ನಾಗಿದೆ. ಆದರೆ ಇವತ್ತು ಒಬ್ಬ ಹುಡುಗಿ ಹಾಗೆ ಓಡಿಹೋಗಲು ಆಗುತ್ತದಾ ಹೇಳಿ?

ಈ ಮಾತು ಸುಮ್ನೆ ಎತ್ತಲಿಲ್ಲ. ಬ್ಯಾಡಗಿಯಲ್ಲಿ ನಮ್ಮ ಓಣಿಯಲ್ಲೇ ಅಂಥ ಒಬ್ಬ ಹುಡುಗಿ ಇದ್ದಾಳೆ. ಅಪ್ಪ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ, ಅವ್ವ ಸೀಸನ್ನಿನಲ್ಲಿ ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ, ರಜೆ ಇದ್ದರೆ ಇವಳೂ ಜೊತೆಗೆ. ಆ ಘಾಟು ಗೊತ್ತಿರುವವರಿಗೆ ಬೇರೆ ಹೇಳಬೇಕಿಲ್ಲ. ಇಡೀ ದಿನ ಕೆಮ್ಮಿ ಬಂದ ಗಂಟಲಿನಲ್ಲಿ ಮರುದಿನ ಬೆಳಗ್ಗೆ ಸಾ ಸ್ವರ ಹಚ್ಚಬೇಕು. ತಂಬೂರಿ ಅಪ್ಪನ ಮೊಬೈಲಿನಲ್ಲಿದೆ, ಆ್ಯಪ್ ರೂಪದಲ್ಲಿ. ಅಪ್ಪ ಕೆಲಸಕ್ಕೆ ಹೊರಟರೆ ತಂಬೂರಿಯೂ ಹೊರಟಿತು! ಹಾಗಾಗಿ ಅವಳ ರಿಯಾಜ್ (ಹಾಡಿನ ಅಭ್ಯಾಸ) ಏನಿದ್ದರೂ ಬೆಳಕು ಹರಿಯುವ ಮೊದಲು, ಅದೂ ಒಂದೇ ಕೋಣೆಯ ಮನೆಯಲ್ಲಿ, ತಮ್ಮಂದಿರು ಮಲಗಿರುವಾಗ ಮೆಲ್ಲಗೆ. ಮೆಲ್ಲಗೆ ಹಾಡಿ ಧ್ವನಿ ತೆರೆಯುವುದು ಹೇಗೆ ಅಂತ ಸ್ವಲ್ಪ ಹಾರ್ಮೋನಿಯಂ ಬಲ್ಲ ನನಗೂ ಗೊತ್ತಿಲ್ಲ.

ಶಾಲೆಯಲ್ಲಿ ಸಂಗೀತದ ಮಾಸ್ತರರು ಇರಲಿಲ್ಲ. ಭಜನೆಯಲ್ಲಿ ಅವಳ ದನಿ ಕೇಳಿದ ಹಾವೇರಿಯ ಗುರುಗಳೊಬ್ಬರು ಕರೆದು ಪಾಠ ಶುರು ಮಾಡುವಷ್ಟರಲ್ಲಿ ಅವಳಿಗೆ 15 ತುಂಬಿತ್ತು. ಫೀ ಆದಷ್ಟು ಕೊಡಿ ಅಂದಿದ್ದಾರೆ, ಪುಣ್ಯಾತ್ಮರು. ಶಕ್ತಿ ಯೋಜನೆ ಬಂದ ಮೇಲೆ ಬಸ್ಸೂ ಫ್ರೀ. (ಇದೇ ಜಾಗದಲ್ಲಿ ಹುಡುಗ ಇದ್ದಿದ್ದರೆ ಅದೂ ಕೈಯಿಂದಲೇ, ವಿದ್ಯಾರ್ಥಿ ಪಾಸ್ ಏನಿದ್ದರೂ ಶಾಲೆ, ಕಾಲೇಜಿನ ದಾರಿಗೆ ತಾನೇ.) ಮತ್ತೆ ಖರ್ಚೇನು ಅಂತ ಕೇಳಬಹುದು. ಪಾಠಕ್ಕೆ ಹೋದ ದಿನ ತಪ್ಪುವ ಕೂಲಿಯೇ ಖರ್ಚು. ಪರೀಕ್ಷೆ ಕಟ್ಟಿದರೆ ಅದರ ಫೀ, ತಬಲಾ ಸಾಥ್ ಕೊಡುವವರಿಗೆ ಒಂದಿಷ್ಟು. ಜೊತೆಗೆ ಕತ್ತಲಾಗುವ ಮೊದಲು ಬಾ ಅನ್ನುವ ಅವ್ವನ ಭಯ, ಅದಕ್ಕೆ ಲೆಕ್ಕ ಎಲ್ಲಿ ಬರೆಯುತ್ತೀರಿ?

ವಿದ್ಯಾರ್ಥಿವೇತನ ಇಲ್ಲವಾ ಅಂದರೆ, ಇದೆ. ಕೇಂದ್ರ ಸರ್ಕಾರದ ಸಿಸಿಆರ್‌ಟಿ (ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ) ಯೋಜನೆ ಇದೆ, ವರ್ಷಕ್ಕೆ 3,600 ರೂಪಾಯಿ, ಜೊತೆಗೆ ಗುರುಗಳ ಫೀಗೆ ಸ್ವಲ್ಪ. ಅರ್ಜಿ ಹಾಕಲು 10ರಿಂದ 14 ವರ್ಷದೊಳಗೆ ಇರಬೇಕು. ಆ ವಯಸ್ಸಿನಲ್ಲಿ ಇವಳಿಗೆ ತನ್ನ ದನಿ ಒಳ್ಳೆಯದು ಅಂತಲೇ ಯಾರೂ ಹೇಳಿರಲಿಲ್ಲ. ಸಂಸ್ಕೃತಿ ಸಚಿವಾಲಯದ ಇನ್ನೊಂದು ಯೋಜನೆ ಇದೆ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಅದು 18ರಿಂದ 25ರವರಿಗೆ, ಅದಕ್ಕೆ ಮೊದಲೇ ಐದು ವರ್ಷ ಕಲಿತಿರಬೇಕು. ಈ ಐದು ವರ್ಷ ಅವಳು ಯಾವ ದುಡ್ಡಿನಲ್ಲಿ ಕಲಿಯಬೇಕು? ಮನೆಯಲ್ಲಿ ಹಾಡುವವರು ಇದ್ದು, ಆರೇಳು ವರ್ಷಕ್ಕೇ ಪಾಠಕ್ಕೆ ಕೂತ ಮಕ್ಕಳಿಗೆ ಈ ವಯಸ್ಸಿನ ಲೆಕ್ಕ ಸರಿಹೋಗುತ್ತದೆ. ಹಮಾಲಿಯ ಮಗಳಿಗೆ ಸರಿಹೋಗುವುದಿಲ್ಲ. ಕೈಗೆ ಸಿಗುವ ಕೆಲಸ ಹಿಡಿದು ಹಾಡು ಬಿಡುವುದೂ ಇದೇ 15, 16, 17ರಲ್ಲೇ ಅಲ್ವಾ?

ನಮ್ಮ ಸಂಗೀತ ನೃತ್ಯ ಅಕಾಡೆಮಿಯೂ ಶಿಷ್ಯವೇತನ ಕೊಡುತ್ತದೆ, ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಗುರುಕುಲ ಇದೆ, ಮೈಸೂರಿನಲ್ಲಿ ಅವರದೇ ಹೆಸರಿನ ವಿಶ್ವವಿದ್ಯಾಲಯ ಇದೆ. ಐದನೇ ಇಯತ್ತೆ ದಾಟದ, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಕಲಿತ ಹೆಣ್ಣುಮಗಳ ಹೆಸರು ಅದು. ಹೆಸರಿಟ್ಟಿದ್ದಕ್ಕೆ ಸಂತೋಷ. ಹಾಗೆಯೇ ಪಾಠಕ್ಕೆ ಓಡಾಡುವ ಇಂದಿನ ಮಕ್ಕಳಿಗೆ ರಾಜ್ಯ ಸರ್ಕಾರ ಏನಾದರೂ ಮಾಡಬಾರದಾ? ತಡವಾಗಿ ಶುರು ಮಾಡಿದ 14ರಿಂದ 18ರ ಮಕ್ಕಳಿಗೆ ಅಂತಲೇ ಒಂದು ಸಣ್ಣ ಮಾಸಿಕ ವೇತನ, ಪ್ರಮಾಣಪತ್ರ ಕೇಳದೆ ಹಾಡು ಕೇಳಿ ಕೊಡುವಂಥದ್ದು. ಸಂಗೀತ ಪಾಠಕ್ಕೆ ಹೋಗುವ ಹುಡುಗರಿಗೂ ಬಸ್ ಪಾಸ್. ಬೆಳಗ್ಗೆ ಶಾಲೆ ಶುರುವಾಗುವ ಮೊದಲು ಒಂದು ಕೋಣೆಯ ಬೀಗ ತೆಗೆದುಕೊಟ್ಟರೆ ಬಾಯಿ ತುಂಬಾ ಹಾಡಬಹುದು, ಇದಕ್ಕೆ ದುಡ್ಡೂ ಬೇಡ, ಹೆಡ್ ಮಾಸ್ತರರ ಮನಸ್ಸು ಸಾಕು.

ನಿಮ್ಮಲ್ಲೂ ಒಂದು ಕೋರಿಕೆ. ಗೆದ್ದವರ ಫೋಟೊ ಹಾಕುವಷ್ಟೇ ಜಾಗದಲ್ಲಿ ಇಂಥ ಶಿಷ್ಯವೇತನಗಳಿಗೆ ಅರ್ಜಿ ಕರೆದಾಗ ಕೊನೆಯ ದಿನಾಂಕ, ವಯಸ್ಸು, ಬೇಕಾದ ಕಾಗದಪತ್ರ ಇಷ್ಟನ್ನು ಜಿಲ್ಲಾ ಪುಟದಲ್ಲಿ ಹಾಕಿ. ದಿನಾಂಕ ಮುಗಿಯುವ ಹಿಂದಿನ ದಿನ ಬೇಡ, ಜಾತಿ, ಆದಾಯ ಪ್ರಮಾಣಪತ್ರಕ್ಕೆ ಓಡಾಡಲು ಟೈಮ್ ಇರುವಂತೆ ಹಾಕಿ.

– ಓದುಗ, ಬ್ಯಾಡಗಿ